ಸಿಗ್ನಲ್ ಜನರೇಟರ್ ಮತ್ತು ಸ್ಪೆಕ್ಟ್ರಮ್ ಅನಲೈಸರ್ ನಡುವೆ ಅಟೆನ್ಯುಯೇಟರ್ ಇರಲೇಬೇಕೇ?

ಪ್ರಶ್ನೆ:
ನನ್ನಲ್ಲಿರುವ ಸಿಗ್ನಲ್ ಜನರೇಟರ್ ಗರಿಷ್ಠ +20 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಡಿಬಿಯಲ್ಲಿ ಹೇಳುವ ಶಕ್ತಿ) ಕೊಡುತ್ತದೆ. ಅದರ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಆವರ್ತನದ ಎರಡು, ಮೂರು ಪಟ್ಟಿನಲ್ಲಿ ಬರುವ ಹೆಚ್ಚುವರಿ ಸಿಗ್ನಲ್‌ಗಳನ್ನು, ಅಳೆಯಬೇಕಾಗಿದೆ. ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆಯೆಂದು ತೋರಿಸುವ ಸ್ಪೆಕ್ಟ್ರಮ್ ಅನಲೈಸರಿನ ಇನ್‌ಪುಟ್ ಪಕ್ಕದಲ್ಲಿ ‘ಗರಿಷ್ಠ +30 ಡಿಬಿಎಂ, 0 ವೋಲ್ಟ್ ಡಿಸಿ’ ಎಂದು ಮುದ್ರಿಸಲಾಗಿದೆ. 10 ಡಿಬಿ ಅಂತರವಿರುವುದರಿಂದ ನೇರವಾಗಿ ಕೇಬಲ್ ಜೋಡಿಸಬಹುದೇ? ಸಿಗ್ನಲ್ ತಗ್ಗಿಸುವ 10 ಮತ್ತು 20 ಡಿಬಿಯ ಅಟೆನ್ಯುಯೇಟರ್‌ಗಳಿವೆ; ಎರಡೂ ಅರ್ಧ ವ್ಯಾಟಿನವು.

ಉತ್ತರ 1:
ದಯವಿಟ್ಟು ನೇರವಾಗಿ ಜೋಡಿಸಬೇಡಿ. ಮುದ್ರಿತ ಮಿತಿಯು ಉಪಕರಣ ಸುಡದೆ ಉಳಿಯುವ ಮಿತಿಯೇ ಹೊರತು ಸರಿಯಾಗಿ ಅಳೆಯುವ ಮಿತಿಯಲ್ಲ; ಅದೂ ಅನೇಕ ಅನಲೈಸರ್‌ಗಳಲ್ಲಿ ಒಳಗಿನ ಅಟೆನ್ಯುಯೇಟರ್ ಕನಿಷ್ಠ 10 ಡಿಬಿಯಲ್ಲಿದ್ದಾಗ ಮಾತ್ರ ಅನ್ವಯಿಸುತ್ತದೆ. ಒಳಗಿನ ಅಟೆನ್ಯುಯೇಟರ್ ‘ಆಟೋ’ದಲ್ಲಿದ್ದರೆ, ಸಣ್ಣ ಹಾರ್ಮೋನಿಕ್ ಕಾಣಲೆಂದು ನೀವು ರೆಫರೆನ್ಸ್ ಲೆವೆಲ್ (ಪರದೆಯ ಮೇಲ್ತುದಿ ಸೂಚಿಸುವ ಮಟ್ಟ) ಇಳಿಸುತ್ತಾ ಹೋದಂತೆ ಅದೂ ತಾನಾಗಿ ಇಳಿಯುತ್ತದೆ, ಆಗ ಪೂರ್ತಿ ಶಕ್ತಿ ಮಿಕ್ಸರ್ (ಸಿಗ್ನಲಿನ ಆವರ್ತನ ಬದಲಿಸುವ ಒಳಭಾಗ) ಮೇಲೆ ಬೀಳುತ್ತದೆ. ಆದ್ದರಿಂದ ಅದನ್ನು ಕೈಯಾರೆ 10 ಡಿಬಿಗೆ ನಿಲ್ಲಿಸಿ.

+20 ಡಿಬಿಎಂ ಎಂದರೆ 100 ಮಿಲಿವ್ಯಾಟ್, 50 ಓಮ್‌ನಲ್ಲಿ ಸುಮಾರು 2.24 ವೋಲ್ಟ್ ಆರ್‌ಎಂಎಸ್. ಹೊರಗೆ 20 ಡಿಬಿ ಹಾಕಿದರೆ ಇನ್‌ಪುಟ್ಟಿಗೆ 0 ಡಿಬಿಎಂ, ಮಿಕ್ಸರ್‌ಗೆ −10 ಡಿಬಿಎಂ ತಲುಪುತ್ತದೆ. ಅಟೆನ್ಯುಯೇಟರಿನಲ್ಲಿ ಶಾಖವಾಗುವುದು 99 ಮಿಲಿವ್ಯಾಟ್ ಮಾತ್ರ, ಹೀಗಾಗಿ ಅರ್ಧ ವ್ಯಾಟ್ ಧಾರಾಳವಾಯಿತು. ಜನರೇಟರಿನ ಆರ್‌ಎಫ್ ಔಟ್‌ಪುಟ್ ಆಫ್ ಇರುವಾಗಲೇ ಎಲ್ಲವನ್ನೂ ಜೋಡಿಸಿ, ಅತಿ ಕಡಿಮೆ ಮಟ್ಟದಿಂದ ಆರಂಭಿಸಿ ಮೇಲೇರಿಸಿ.

ಉತ್ತರ 2:
‘0 ವೋಲ್ಟ್ ಡಿಸಿ’ ಎಂಬುದನ್ನು ಲಘುವಾಗಿ ಕಾಣಬೇಡಿ. ರೆಸಿಸ್ಟರ್‌ಗಳಿಂದಾದ ಸಾಮಾನ್ಯ ಅಟೆನ್ಯುಯೇಟರ್ ಡಿಸಿಯನ್ನು ತಗ್ಗಿಸುತ್ತದೆಯೇ ಹೊರತು ತಡೆಯುವುದಿಲ್ಲ. ಜನರೇಟರಿನಲ್ಲಿ ಡಿಸಿ ಆಫ್‌ಸೆಟ್ ಸೌಲಭ್ಯವಿದ್ದರೆ ಡಿಸಿ ಬ್ಲಾಕ್ (ಡಿಸಿಯನ್ನು ತಡೆದು ಸಿಗ್ನಲನ್ನು ಮಾತ್ರ ದಾಟಿಸುವ ಸಾಧನ) ಸೇರಿಸಲೇಬೇಕು, ಅದು ನಿಮ್ಮ ಮೂಲ ಆವರ್ತನವನ್ನು ದಾಟಿಸುತ್ತದೆಯೇ ಎಂದೂ ನೋಡಿಕೊಳ್ಳಿ.

ಉತ್ತರ 3:
ಮಿಕ್ಸರ್ ಹಾಳಾಗದಿದ್ದರೂ ಅತಿಭಾರವಾದರೆ ತಾನೇ ಹಾರ್ಮೋನಿಕ್ ಸೃಷ್ಟಿಸುತ್ತದೆ, ಮತ್ತು ಪರದೆಯ ಮೇಲೆ ಅದು ಜನರೇಟರಿನದೇ ಎಂಬಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ನಿಮ್ಮ ಕೆಲಸಕ್ಕೆ ಇದೇ ದೊಡ್ಡ ಅಪಾಯ. ಒಳಗಿನ ಅಟೆನ್ಯುಯೇಟರನ್ನು 10ರಿಂದ 20 ಡಿಬಿಗೆ ಏರಿಸಿ ನೋಡಿ. ತೋರಿಸುವ ಹಾರ್ಮೋನಿಕ್ ಮಟ್ಟ ಬದಲಾಗದಿದ್ದರೆ ಅದು ಜನರೇಟರಿನದು. ಇಳಿದರೆ ಅನಲೈಸರಿನ ಪಾಲೂ ಅದರಲ್ಲಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. 20 ಡಿಬಿ ಹಾಕಿ ಪರೀಕ್ಷಿಸಿದೆ. ಒಳಗಿನ ಅಟೆನ್ಯುಯೇಟರ್ 10 ಡಿಬಿಯಲ್ಲಿದ್ದಾಗ ಕಂಡ ಎರಡನೆಯ ಹಾರ್ಮೋನಿಕ್ 20 ಡಿಬಿಯಲ್ಲಿ ಸುಮಾರು 4 ಡಿಬಿ ಇಳಿಯಿತು, 30 ಡಿಬಿಯಲ್ಲಿ ಮತ್ತೆ ಇಳಿಯಲಿಲ್ಲ. ಹಾಗಾಗಿ ಒಳಗೆ 20 ಡಿಬಿ ಇಟ್ಟೇ ಅಳತೆ ಮುಂದುವರಿಸುತ್ತೇನೆ. ಪರದೆಯ ಅಂಕಿಗೆ ಹೊರಗಿನ 20 ಡಿಬಿಯನ್ನು ಪ್ರತಿ ಬಾರಿ ಕೂಡಿಸಬೇಕೇ?

ಉತ್ತರ 1:
ರೆಫರೆನ್ಸ್ ಲೆವೆಲ್ ಆಫ್‌ಸೆಟ್‌ನಲ್ಲಿ 20 ಡಿಬಿ ನಮೂದಿಸಿದರೆ ಅನಲೈಸರೇ ಕೂಡಿಸಿ ತೋರಿಸುತ್ತದೆ. ಅಟೆನ್ಯುಯೇಟರನ್ನು ತೆಗೆದ ದಿನ ಅದನ್ನು ಸೊನ್ನೆಗೆ ಮರಳಿಸಿ.