ಮಂಡಕ್ಕಿ ಭಟ್ಟಿ ಕೆಲಸಗಾರರ ಮೇಲೆ ಪಿಎಚ್‌ಡಿ: ಯಾವ ವಿಭಾಗಕ್ಕೆ ಹೋಗಲಿ? ಅನುಭವ ಇದ್ದವರು ಹೇಳಿ

ವಿದ್ಯಾನಗರದ ಮೇಡಂ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಒಂಬತ್ತು ವರ್ಷದಿಂದ ಎಂಬಿಎ ಪಾಠ ಮಾಡ್ತಿದ್ದೀನಿ. ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯೋರ ಮೇಲೆ ಪಾರ್ಟ್ ಟೈಮ್ ಪಿಎಚ್‌ಡಿ ಮಾಡೋ ಆಸೆ. ವಿಷಯ ನಾಲ್ಕು ಕಡೆ ಹರೀತದೆ. ಕೂಲಿ, ರಜೆ ಅಂದ್ರೆ ಕಾನೂನು. ಹೊಗೆ, ದೂಳು ಅಂದ್ರೆ ವೈದ್ಯಕೀಯ. ಒಲೆ ಅಂದ್ರೆ ಎಂಜಿನಿಯರಿಂಗ್. ಆಳುಗಳನ್ನ ನಿಭಾಯಿಸೋದು ನಮ್ಮ ಮ್ಯಾನೇಜ್‌ಮೆಂಟ್. ಯಾವ ವಿಭಾಗದಲ್ಲಿ ನೋಂದಣಿ ಮಾಡಿಸಲಿ? ಬೇರೆ ವಿಭಾಗದಿಂದ ಕೋ-ಗೈಡ್ ತಗೊಂಡವರು ಇದ್ದೀರಾ? ಮನೇಲಿ ನಾಲ್ಕು ವರ್ಷದ ಮಗಳಿದ್ದಾಳೆ. ಖರ್ಚಿಗೆ ಅಂತ ಎರಡು ಲಕ್ಷ ಎತ್ತಿಟ್ಟಿದ್ದೀನಿ.

ಕಪ್ಪು ಬೂದಿ:
ಎರಡು ಲಕ್ಷ ಎಲ್ಲಿಗೂ ಸಾಲಲ್ಲ ಮೇಡಂ. ನಾನು ಸಿವಿಲ್. ಭತ್ತದ ಹೊಟ್ಟಿನ ಬೂದಿನ ಸಿಮೆಂಟ್ ಬದಲಿಗೆ ಕಾಂಕ್ರೀಟಿಗೆ ಹಾಕೋದು ನನ್ನ ವಿಷಯ. ಆರೂವರೆ ವರ್ಷ ಹಿಡೀತು. ಬೂದಿ ನಿಮ್ಮ ಅದೇ ಭಟ್ಟಿಗಳಿಂದಲೇ ತಂದೆ, ಗೊಬ್ಬರದ ಚೀಲದಲ್ಲಿ ತುಂಬಿ, ನನ್ನ ಸ್ಕೂಟರ್ ಮೇಲೆ. ಮೊದಲನೇ ವರ್ಷ 216 ಕ್ಯೂಬ್ ಹಾಕಿದೆ. ಒಂದೊಂದು ಎಂಟು ಕೆಜಿ ಮೇಲೆ ತೂಗ್ತದೆ, ಎತ್ತಿ ಎತ್ತಿ ಸೊಂಟ ಹೋಯ್ತು. 28ನೇ ದಿನ ಒತ್ತಿ ಒಡೆಯೋ ಮಷಿನ್‌ಗೆ ಇಟ್ರೆ, ಬರೀ ಸಿಮೆಂಟಿನದ್ದು 38 ಮೆಗಾಪಾಸ್ಕಲ್ (ಗಟ್ಟಿತನದ ಅಳತೆ) ಬಂದಲ್ಲಿ 15 ಪರ್ಸೆಂಟ್ ಬೂದಿ ಹಾಕಿದ್ದು 19ಕ್ಕೇ ಬಿರುಕು ಬಿಡ್ತು. ಒಡೆದ ಕ್ಯೂಬ್ ಒಳಗೆ ಇದ್ದಿಲಿನ ಹಾಗೆ ಕಪ್ಪು ಚುಕ್ಕೆ. ಭಟ್ಟಿಯಲ್ಲಿ ಹೊಟ್ಟು ಪೂರ್ತಿ ಉರಿಯಲ್ಲ, ಇಂಗಾಲ ಉಳೀತದೆ. ಹಾಗಂತ ಜೋರಾಗಿ ಉರಿಸಿ ಶಾಖ 700 ಡಿಗ್ರಿ ದಾಟಿಸ್ತಾ ಹೋದ್ರೆ ಸಿಲಿಕಾ ಹರಳುಗಟ್ಟಿ ಸಿಮೆಂಟ್ ಜೊತೆ ಕೂಡಲ್ಲ. ಕೊನೆಗೆ ಡ್ರಮ್ ಕೊಯ್ಸಿ ನನ್ನದೇ ಒಲೆ ಕಟ್ಟಿಸಿದೆ. ಅದಕ್ಕೆ 62,000. ಬೂದಿ ಅರೆಸೋಕೆ 14,500. ಬೂದಿಯ ಹರಳು, ಕಣ ನೋಡೋ ಲ್ಯಾಬ್ ಪರೀಕ್ಷೆಗಳು ಬೇರೆ: ಎಕ್ಸ್‌ಆರ್‌ಡಿಗೆ ಸ್ಯಾಂಪಲ್ಲಿಗೆ 1,200, ಎಸ್‌ಇಎಮ್‌ಗೆ 2,500, ಎರಡು ಸಲ ಬೆಂಗಳೂರಿಗೆ ಓಡಾಟ. ಪೇಪರ್ ಹಾಕೋಕೆ ಒಂದು ಜರ್ನಲ್‌ಗೆ 18,000 ಕಟ್ಟಿದೆ, ಅಚ್ಚಾಗಿ ಏಳು ತಿಂಗಳಿಗೆ ಆ ಜರ್ನಲ್ಲೇ ಮಾನ್ಯ ಜರ್ನಲ್‌ಗಳ ಪಟ್ಟಿಯಿಂದ ಹೋಯ್ತು. ಹೆಂಡತಿ ಬಳೆ ಅಡ ಇಟ್ಟಿದ್ದು ಇನ್ನೂ ಬಿಡಿಸಿಲ್ಲ. ಆದ್ರೂ ನನ್ನ ಬೂದಿ ಕೊನೆಗೆ 41 ತೋರಿಸ್ತು, ಆ ಸಂಜೆ ಮರೆಯೋಕಾಗಲ್ಲ.

ಊದಿಸೋ ಡಾಕ್ಟರ್:
ನಾನು ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ. ನನ್ನ ಪ್ರಬಂಧವೂ ಭಟ್ಟಿ ಕೆಲಸಗಾರರ ಶ್ವಾಸಕೋಶದ ಮೇಲೇ, ಅದಕ್ಕೇ ಬರೀತಿದ್ದೀನಿ. ಎಷ್ಟು ಜನರನ್ನ ಪರೀಕ್ಷಿಸಬೇಕು ಅಂತ ಹೇಳೋ ಸೂತ್ರ, 4ಪಿಕ್ಯೂ ಭಾಗಿಸು ಡಿ ವರ್ಗ, ಹಾಕಿದಾಗ 256 ಜನ ಬೇಕು ಅಂತ ಬಂತು. ಕಾಗದದ ಮೇಲೆ ಎರಡು ನಿಮಿಷದ ಲೆಕ್ಕ, ಆ 256 ಜನರನ್ನ ಹುಡುಕೋಕೆ ಹದಿನಾಲ್ಕು ತಿಂಗಳು. ಎಥಿಕ್ಸ್ ಕಮಿಟಿ ಮೂರು ಸಲ ಫೈಲ್ ವಾಪಸ್ ಕಳಿಸ್ತು, ಒಪ್ಪಿಗೆ ಪತ್ರದ ಕನ್ನಡ ಜನಕ್ಕೆ ಅರ್ಥ ಆಗಲ್ಲ ಅಂತ. ಆಗ ಸಿಟ್ಟು ಬಂದಿತ್ತು, ಈಗ ಅವರು ಮಾಡಿದ್ದೇ ಸರಿ ಅನ್ನಿಸ್ತದೆ. ಭಟ್ಟಿಯಲ್ಲಿ ಕೆಲಸ ಶುರು ಆಗೋದು ಬೆಳಗಿನ ಜಾವ ಮೂರಕ್ಕೆ, ನಾನು ಊದಿಸಿ ಉಸಿರು ಅಳೆಯೋ ಸ್ಪೈರೊಮೀಟರ್ ಹೊತ್ತು ಒಂಬತ್ತಕ್ಕೆ ಕಾಯ್ತಿದ್ದೆ. ರೆಪ್ಪೆ ಮೇಲೆ ಹೊಟ್ಟಿನ ದೂಳು ಕೂತ ಹೆಂಗಸರು ಬಾಯಿಗೆ ನಳಿಗೆ ಇಟ್ಟ ಕೂಡಲೇ ನಗ್ತಿದ್ರು, ಊದಿದ್ದು ಕೆಡ್ತಿತ್ತು. ಒಬ್ಬರಿಂದ ಸರಿಯಾದ ಮೂರು ಊದು ಸಿಗೋಕೆ ಎಂಟು ಸಲ ಊದಿಸಬೇಕಾಗ್ತಿತ್ತು. ಬಾಯಿಗೆ ಇಡೋ ಹೊಸ ನಳಿಗೆ ಒಂದಕ್ಕೆ 38 ರೂಪಾಯಿ, ಎಲ್ಲಾ ನನ್ನ ಸ್ಟೈಪೆಂಡಿಂದಲೇ. ಡಾಕ್ಟರ್ ಅಲ್ಲದವರು ಊದಿಸೋಕೆ ಹೋಗಬೇಡಿ ಅಷ್ಟೇ.

ಏಳು ಸುತ್ತಿನವನು:
ಚಿತ್ರದುರ್ಗದಲ್ಲಿ ವಕೀಲ, ಪಿಎಚ್‌ಡಿ ಕಾನೂನಿನಲ್ಲಿ. ಪ್ರಯೋಗಾಲಯ ಇಲ್ಲ, ಊದಿಸೋದಿಲ್ಲ, ಕಾನೂನಿನವರಿಗೇನು ಕಷ್ಟ ಅಂತ ಕೇಳೋರಿಗೆ ನನ್ನ ಕಥೆ ಕೇಳಿಸ್ತೀನಿ. ನನ್ನ ವಿಷಯ ಮುಚ್ಚಿದ ಹತ್ತಿ ಗಿರಣಿಗಳ ಕಾರ್ಮಿಕರು ಮತ್ತು ಕೈಗಾರಿಕಾ ವಿವಾದ ಕಾಯ್ದೆ 1947ರ ಅಧ್ಯಾಯ 5ಬಿ. ಸರ್ಕಾರದ ಅನುಮತಿ ಇಲ್ಲದೆ ಕಾರ್ಖಾನೆ ಮುಚ್ಚೋ ಹಾಗಿಲ್ಲ ಅನ್ನೋ ಅಧ್ಯಾಯ ಅದು. 1976ರಲ್ಲಿ ತಂದಾಗ 300 ಕಾರ್ಮಿಕರಿದ್ದ ಕಾರ್ಖಾನೆಗೆ ಅನ್ವಯ, 1982ರ ತಿದ್ದುಪಡಿ ಅದನ್ನ 100ಕ್ಕೆ ಇಳಿಸ್ತು. ಮಧ್ಯೆ 1978ರಲ್ಲಿ ಎಕ್ಸೆಲ್ ವೇರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಚ್ಚೋಕೆ ಅನುಮತಿ ಬೇಕು ಅನ್ನೋ 25ಓ ಕಲಮನ್ನೇ ಹೊಡೆದುಹಾಕಿತ್ತು, ಆಮೇಲೆ ಹೊಸದಾಗಿ ಬರೆದ್ರು. ನಾಲ್ಕು ಅಧ್ಯಾಯ, 1,140 ಅಡಿಟಿಪ್ಪಣಿ, ಬೈಂಡಿಂಗಿಗೆ ಕೊಡೋದೊಂದೇ ಬಾಕಿ. 2025ರ ನವೆಂಬರ್ 21ಕ್ಕೆ ಹಳೇ ಕಾರ್ಮಿಕ ಕಾಯ್ದೆಗಳ ಬದಲಿಗೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ್ವು. 100 ಇದ್ದದ್ದು ಮತ್ತೆ 300. ಗೈಡ್ ಒಂದೇ ಮಾತು ಹೇಳಿದ್ರು, "ಎಲ್ಲಾ ಹೊಸ ಸಂಹಿತೆ ಜೊತೆ ಹೋಲಿಸಿ ಬರಿ." ಹತ್ತು ತಿಂಗಳಿಂದ ಅದನ್ನೇ ಮಾಡ್ತಿದ್ದೀನಿ.

ಭಟ್ಟಿ ಬಗ್ಗೆ ಒಂದು ಮಾತು. 1948ರ ಕಾರ್ಖಾನೆ ಕಾಯ್ದೆಗೆ ವಿದ್ಯುತ್ ಇದ್ರೆ 10 ಜನ, ಇಲ್ಲದಿದ್ರೆ 20 ಜನ ಬೇಕಿತ್ತು. ಹೊಸ ಸಂಹಿತೆಯಲ್ಲಿ ಅದು 20 ಮತ್ತು 40. ಐದಾರು ಜನ ದುಡಿಯೋ ಭಟ್ಟಿ ಅವತ್ತೂ ಒಳಗೆ ಬರಲಿಲ್ಲ, ಇವತ್ತೂ ಬರಲ್ಲ.

ಹರಿಹರ ಎಚ್‌ಆರ್:
ನನ್ನದು ಮ್ಯಾನೇಜ್‌ಮೆಂಟ್, ಗಾರ್ಮೆಂಟ್ ಕಾರ್ಮಿಕರ ಗೈರುಹಾಜರಿ. 412 ಪ್ರಶ್ನಾವಳಿ ತುಂಬಿಸಿದೆ, ಪ್ರತಿ ಪ್ರಶ್ನೆಗೂ ಒಂದರಿಂದ ಐದರೊಳಗೆ ಒಂದು ಅಂಕಿ. ಲೆಕ್ಕ ಹಾಕೋ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ಗೆ ಹಾಕಿದ್ರೆ ಕ್ರೋನ್‌ಬ್ಯಾಕ್ ಆಲ್ಫಾ 0.97, ಅದು ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದ್ತವೆ ಅನ್ನೋ ಅಳತೆ, ಒಂದೇ ಗರಿಷ್ಠ. ಗೈಡ್ ಖುಷಿಪಟ್ರು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಾಗದಗಳನ್ನ ಮತ್ತೆ ತೆಗೆದು ನೋಡಿದ್ರೆ 260ರಲ್ಲಿ ಮೊದಲಿಂದ ಕೊನೇವರೆಗೂ ಬರೀ ನಾಲ್ಕು, ನಾಲ್ಕು, ನಾಲ್ಕು. ಸೂಪರ್‌ವೈಸರ್ ಎದುರಿಗೆ ನಿಂತಿದ್ದ, ಪಾಪ ಹೆಣ್ಮಕ್ಕಳು ಇನ್ನೇನು ಬರೀತಾರೆ? 260ನ್ನೂ ಹರಿದು ಹಾಕಿದೆ. ಭಾನುವಾರ ಭಾನುವಾರ ಅವರವರ ಮನೆ ಜಗಲಿ ಮೇಲೆ ಕೂತು ಮತ್ತೆ ಕೇಳಿದೆ. ಪೆಟ್ರೋಲಿಗೇ 23,000. ಆಲ್ಫಾ 0.81ಕ್ಕೆ ಇಳೀತು, ಆದ್ರೆ ಅದು ನಿಜ.

ಕಪ್ಪು ಬೂದಿ:
ಒಂದರಿಂದ ಐದರವರೆಗೆ ಟಿಕ್ ಹಾಕಿಸೋದನ್ನ ಸಂಶೋಧನೆ ಅಂತ ನಾನು ಒಪ್ಪಲ್ಲ ಸರ್. ಕ್ಯೂಬ್ ಸುಳ್ಳು ಹೇಳಲ್ಲ.

ಹರಿಹರ ಎಚ್‌ಆರ್:
ಕ್ಯೂಬಿಗೆ ಸೂಪರ್‌ವೈಸರ್ ಭಯ ಇಲ್ಲ ಸರ್. ಮನುಷ್ಯನಿಂದ ನಿಜ ಹೊರಡಿಸೋದು ಎಷ್ಟು ಕಷ್ಟ ಅಂತ ಒಂದು ಭಾನುವಾರ ನನ್ನ ಜೊತೆ ಬಂದು ನೋಡಿ, ಆಮೇಲೆ ಮಾತಾಡಿ. ಆರು ವರ್ಷ ದುಡಿದಿದ್ದೀನಿ, ಹೀಗೆ ಅನ್ನಿಸ್ಕೊಳ್ಳೋಕಲ್ಲ.

ಬಿಟ್ಟು ಬಂದವಳು:
ಮೇಡಂ ಮಗಳ ವಿಷಯ ಬರೆದಿದ್ದಾರೆ, ಒಬ್ಬರೂ ಆ ಮಾತೇ ಎತ್ತಲಿಲ್ಲ. ಅಕ್ಕ, ನಾನು ನಾಲ್ಕು ವರ್ಷ ಮಾಡಿ ಬಿಟ್ಟೆ. ಯುಜಿಸಿ 2022ರ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚು ಕಾಲಾವಕಾಶ ಐತೆ, ಹೆರಿಗೆಗೆ 240 ದಿನ ರಜೆ ಐತೆ. ನಾನು ಅರ್ಜಿ ಕೊಟ್ಟಾಗ ಕಚೇರಿಯಲ್ಲಿ ಯಾರಿಗೂ ಆ ನಿಯಮ ಗೊತ್ತಿರಲಿಲ್ಲ, ಪ್ರಿಂಟ್ ತೆಗೆಸಿ ನಾನೇ ತೋರಿಸಬೇಕಾಯ್ತು. ಹಸಿ ಬಾಣಂತಿ, ಎದೆಹಾಲಿಂದ ರವಿಕೆ ನೆನೆದಿತ್ತು, ಪ್ರಗತಿ ವರದಿ ಒಪ್ಪಿಸೋಕೆ ಎರಡೂವರೆ ತಾಸು ಬಾಗಿಲ ಹೊರಗೆ ನಿಂತಿದ್ದೆ. ಮನೆಗೆ ಬಂದು ಬಿಡ್ತೀನಿ ಅಂದೆ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ನೆಟ್ ಇಲ್ಲಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾದ್ರೆ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ. ಕೆಸೆಟ್ ಓದಿ ಪಾಸು ಮಾಡಿದೆ. ಪಶ್ಚಾತ್ತಾಪ ಇಲ್ಲ.

ಏಳು ಸುತ್ತಿನವನು:
ಬಿಡೋರು ಬಿಡಲಿ, ಮಾಡೋರನ್ನ ಎಳೀಬೇಡಿ ತಂಗಿ.

ಬಿಟ್ಟು ಬಂದವಳು:
ಯಾರನ್ನೂ ಎಳೀತಿಲ್ಲ ಅಣ್ಣ. ನನಗಾಗಿದ್ದು ಹೇಳಿದೆ. ನಿಮ್ಮ 1,140 ಅಡಿಟಿಪ್ಪಣಿ ಟೈಪ್ ಮಾಡುವಾಗ ಮನೇಲಿ ಮಗು ಯಾರು ಎತ್ಕೊಂಡಿದ್ರು?

ವಿದ್ಯಾನಗರದ ಮೇಡಂ:
ಎಲ್ಲರ ಕಷ್ಟ ಓದಿದೆ, ಮನಸ್ಸಿಗೆ ನಾಟಿತು. ಕೋ-ಗೈಡ್ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಹರಿಹರ ಎಚ್‌ಆರ್:
ಬೇರೆ ವಿಭಾಗದವರನ್ನ ಕೋ-ಗೈಡ್ ಮಾಡ್ಕೊಳ್ಳೋಕೆ ಬರ್ತದೆ ಮೇಡಂ, ನಿಯಮದಲ್ಲೇ ಐತೆ. ಅದಕ್ಕಿಂತ ಮೊದಲು ಗೈಡ್ ವಯಸ್ಸು ಕೇಳಿ. ನಿವೃತ್ತಿಗೆ ಮೂರು ವರ್ಷ ಇಲ್ಲದವರು ಹೊಸಬರನ್ನ ತಗೊಳ್ಳೋ ಹಾಗಿಲ್ಲ. ನನ್ನ ಮೊದಲ ಗೈಡ್ ನಡುವೆ ನಿವೃತ್ತರಾದ್ರು, ಹೊಸಬರು ಬಂದು ಶೀರ್ಷಿಕೆ ಬದಲಾಯಿಸಿದ್ರು, ಹನ್ನೊಂದು ತಿಂಗಳು ನೀರಲ್ಲಿ ಹೋಯ್ತು.

ಭಟ್ಟಿ ಮನೆ ಹುಡುಗ:
ನಾನು ಓದಿದ್ದು ಡಿಪ್ಲೊಮಾ. ನಮ್ಮಪ್ಪ ಇಪ್ಪತ್ತೆಂಟು ವರ್ಷ ಭಟ್ಟಿಯಲ್ಲಿ ಮರಳು ಬಾಂಡ್ಲಿ ಮುಂದೆ ನಿಂತವರು. ಮೂರು ಸಲ ಯಾರ್ಯಾರೋ ಬಂದು ಊದಿಸಿದ್ರು, ಹಾಳೆ ತುಂಬಿಸ್ಕೊಂಡ್ರು, ಬೂದಿ ತಗೊಂಡು ಹೋದ್ರು. ಒಬ್ಬರೂ ವಾಪಸ್ ಬಂದು ಏನಾಯ್ತು ಅಂತ ಹೇಳಲಿಲ್ಲ. ಅಪ್ಪಂಗೆ ಈಗ ಮಾಳಿಗೆ ಹತ್ತೋಕಾಗಲ್ಲ.

ಊದಿಸೋ ಡಾಕ್ಟರ್:
ನಾನು ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಚೀಟಿ ಬರೆದು ಕೊಟ್ಟಿದ್ದೀನಿ, ಮೊದಲ ಸೆಕೆಂಡಲ್ಲಿ ಊದಿದ ಗಾಳಿಗೂ ಪೂರ್ತಿ ಊದಿದ್ದಕ್ಕೂ ಇರೋ ಅನುಪಾತ 0.70ಕ್ಕಿಂತ ಕಡಿಮೆ ಬಂದವರಿಗೆ ಕೆಂಪು ಶಾಯಿಯಲ್ಲಿ. ನಿಮ್ಮ ತಂದೆಯವರದ್ದು ತಪ್ಪಿದ್ರೆ ಅದು ನನ್ನ ತಪ್ಪೇ. ಬುಧವಾರ ಕರ್ಕೊಂಡು ಬನ್ನಿ, ಹೊಸದಾಗಿ ಊದಿಸಿ ನೋಡೋಣ. ಖಾಸಗಿ ಸಂದೇಶ ಕಳಿಸಿದ್ದೀನಿ.

ಕಪ್ಪು ಬೂದಿ:
ಬೂದಿ ತಗೊಂಡು ಹೋದವನು ನಾನೇ ಇರಬಹುದು ತಮ್ಮ. ಚೀಲಕ್ಕೆ ಇಪ್ಪತ್ತು ರೂಪಾಯಿ ಕೊಟ್ಟಿದ್ದೆ.

ಭಟ್ಟಿ ಮನೆ ಹುಡುಗ:
ಆ ದುಡ್ಡು ಮಾಲೀಕರಿಗೆ ಹೋಗಿರ್ತದೆ ಸರ್. ಡಾಕ್ಟ್ರೇ, ಬುಧವಾರ ಭತ್ತ ನೆನೆಹಾಕೋ ದಿನ, ಅಪ್ಪನ ಬದಲಿಗೆ ಈಗ ನಾನೇ ಹೋಗ್ತೀನಿ. ಶುಕ್ರವಾರ ಆಗ್ತದಾ?

ಏಳು ಸುತ್ತಿನವನು:
ತಮ್ಮಾ, ಅಪ್ಪನ ಹಳೇ ಕೂಲಿ ಚೀಟಿ ಏನಾದ್ರೂ ಇದ್ರೆ ಹಾಳು ಮಾಡಬೇಡ. ಎಲ್ಲಿ, ಎಷ್ಟು ವರ್ಷ ಕೆಲಸ ಅನ್ನೋದಕ್ಕೆ ಕಾಗದ ಬೇಕಾಗ್ತದೆ.

ಭಟ್ಟಿ ಮನೆ ಹುಡುಗ:
ಚೀಟಿ ಯಾವತ್ತೂ ಕೊಟ್ಟಿಲ್ಲ ಸರ್. ಉದ್ದನೇ ನೋಟ್‌ಬುಕ್ಕಲ್ಲಿ ಬರ್ಕೊಂತಾರೆ, ಎಷ್ಟು ಚೀಲ ಹುರಿದ್ವಿ, ಮುಂಗಡ ಎಷ್ಟು ಅಂತ. ಆ ಪುಸ್ತಕ ಮಾಲೀಕರ ಗಲ್ಲಾಪೆಟ್ಟಿಗೆ ಮೇಲೆ ಇರ್ತದೆ.