ಇ. ಕೊಲೈಯಲ್ಲಿ ಲೈಕೋಪೀನ್: ಪ್ಲೇಟ್‌ನಲ್ಲಿ ಕೆಂಪು, ಫ್ಲಾಸ್ಕ್‌ನಲ್ಲಿ ಬಿಳಿ. ಯಾಕೆ?

ಕೆಂಪುಪೆಲೆಟ್ (ಮಂಗಳೂರು):
ಎಂಎಸ್ಸಿ ಪ್ರಾಜೆಕ್ಟ್. ಟೊಮೆಟೊದಲ್ಲಿರುವ ಕೆಂಪು ಬಣ್ಣ ಲೈಕೋಪೀನನ್ನು ಇ. ಕೊಲೈ ಬ್ಯಾಕ್ಟೀರಿಯಾದಿಂದ ಮಾಡಿಸಬೇಕು. ಪ್ಯಾಂಟೋಯಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸಿಆರ್‌ಟಿ ಇ, ಬಿ, ಐ ಮೂರೂ ಜೀನ್ ಒಂದೇ ಪ್ಲಾಸ್ಮಿಡ್‌ನಲ್ಲಿವೆ (ಕೋಶದೊಳಗಿನ ಸಣ್ಣ ಡಿಎನ್‌ಎ ಉಂಗುರ), ಮಾರ್ಕರ್ ಆ್ಯಂಪಿಸಿಲಿನ್, ಅಂದರೆ ಪ್ಲಾಸ್ಮಿಡ್ ಇರುವ ಕೋಶ ಮಾತ್ರ ಆ ಆ್ಯಂಟಿಬಯೋಟಿಕ್‌ನಲ್ಲಿ ಬದುಕಬೇಕು. ಪ್ಲೇಟನ್ನು ಬೆಂಚ್ ಮೇಲೆ ಬಿಟ್ಟರೆ ಕಾಲೊನಿಗಳು ಚಂದ ಕೆಂಪಾಗುತ್ತವೆ. ಅದನ್ನೇ ಎಲ್‌ಬಿ ಎಂಬ ಬೆಳೆಸುವ ಮೀಡಿಯಾಕ್ಕೆ ಹಾಕಿ ಶೇಕರ್‌ನಲ್ಲಿ 30 ಡಿಗ್ರಿಗೆ ಇಟ್ಟರೆ ಬೆಳಿಗ್ಗೆ ಓ.ಡಿ. (ಬೆಳವಣಿಗೆ ತೋರಿಸುವ ಮಬ್ಬಿನ ಅಳತೆ) ಜೋರಾಗಿರುತ್ತದೆ, ಸ್ಪಿನ್ ಮಾಡಿದಾಗ ತಳಕ್ಕೆ ಕೂರುವ ಕೋಶಗಳ ಪೆಲೆಟ್ ಮಾತ್ರ ಬಿಳಿ. ಗೈಡ್ "ಪ್ರೈಮರ್ ನೋಡು" ಅಂತಾರೆ, ಅಂದರೆ ಜೀನ್ ನಕಲು ಮಾಡಲು ಬಳಸಿದ ಡಿಎನ್‌ಎ ತುಂಡು.

ಉಡುಪಿ_ಯೀಸ್ಟ್:
ಪ್ಲೇಟ್‌ನಲ್ಲಿ ಕೆಂಪು ಬಂತಲ್ವಾ, ಹಾಗಾದರೆ ಮೂರೂ ಜೀನ್ ಕೆಲಸ ಮಾಡುತ್ತಿವೆ. ಪ್ರೈಮರ್ ಬಿಡಿ ಮಾರಾಯ್ರೆ. ಶೇಕರ್‌ಗೆ ಕೂಲಿಂಗ್ ಉಂಟಾ? ಇಲ್ಲದಿದ್ದರೆ ಅದು ಬಿಸಿ ಮಾಡಬಲ್ಲದು ಅಷ್ಟೇ, ತಣ್ಣಗೆ ಮಾಡಲಾರದು, ಮೇಲೆ ಮೋಟಾರಿನ ಬಿಸಿ ಬೇರೆ. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯಲ್ಲಿ 30 ಅಂತ ಸೆಟ್ ಮಾಡುವುದು ಸುಮ್ನೆ. ಒಂದು ಫ್ಲಾಸ್ಕ್‌ಗೆ ನೀರು ಹಾಕಿ ಥರ್ಮಾಮೀಟರ್ ಇಟ್ಟು ನೋಡಿ. ಬಿಸಿ ಜಾಸ್ತಿಯಾದರೆ ಕೋಶಗಳು ಬೇಗ ಬೆಳೆಯುತ್ತವೆ, ಬಣ್ಣ ಕಮ್ಮಿ.

ಆದರೆ ನನ್ನ ಅನುಮಾನ ಆ್ಯಂಪಿಸಿಲಿನ್ ಮೇಲೇ. ಪ್ಲಾಸ್ಮಿಡ್ ಇರುವ ಕೋಶಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ಬಿಟ್ಟು ಔಷಧಿಯನ್ನೇ ಒಡೆದು ಹಾಕುತ್ತವೆ, ಆಮೇಲೆ ಪ್ಲಾಸ್ಮಿಡ್ ಕಳೆದುಕೊಂಡವೂ ಆರಾಮಾಗಿ ಬೆಳೆಯುತ್ತವೆ, ಅವಕ್ಕೆ ಲೈಕೋಪೀನ್ ಮಾಡುವ ಹೊರೆ ಇಲ್ಲವಲ್ಲ, ಹಾಗಾಗಿ ಬೆಳಿಗ್ಗೆಯೊಳಗೆ ಫ್ಲಾಸ್ಕ್ ಪೂರ್ತಿ ಅವುಗಳದ್ದೇ. ಕಲ್ಚರನ್ನು ಡೈಲ್ಯೂಟ್ ಮಾಡಿ ಸಾದಾ ಎಲ್‌ಬಿ ಪ್ಲೇಟ್‌ಗೂ ಆ್ಯಂಪಿಸಿಲಿನ್ ಪ್ಲೇಟ್‌ಗೂ ಹಾಕಿ ಎಣಿಸಿ. ಸಾದಾದಲ್ಲಿ ತುಂಬಾ ಜಾಸ್ತಿ ಬಂದರೆ ಪ್ಲಾಸ್ಮಿಡ್ ಹೋಗಿದೆ. ಎರಡರಲ್ಲೂ ಸಮ ಬಂದು ಕಾಲೊನಿ ಬಿಳಿಯಾಗಿದ್ದರೆ ಯಾವುದೋ ಜೀನ್ ಕೆಟ್ಟಿದೆ. ಸಿಆರ್‌ಟಿ ಐ ಕೆಟ್ಟರೆ ಕೆಲಸ ಲೈಕೋಪೀನ್‌ಗೆ ಮುಂಚಿನ ಫೈಟೋಯೀನ್‌ಗೇ ನಿಲ್ಲುತ್ತದೆ, ಅದಕ್ಕೆ ಬಣ್ಣವೇ ಇಲ್ಲ.

ಕೆಂಪುಪೆಲೆಟ್:
ನೀರು 36 ತೋರಿಸಿತು! ಡಿಸ್‌ಪ್ಲೇಯಲ್ಲೂ 36 ಇತ್ತಂತೆ, ಯಾರೂ ನೋಡಿರಲಿಲ್ಲ. ಸಾದಾ ಪ್ಲೇಟ್ ತುಂಬಾ ಬಿಳಿ ಕಾಲೊನಿ, ಆ್ಯಂಪಿಸಿಲಿನ್‌ನಲ್ಲಿ ಬೆರಳೆಣಿಕೆಯಷ್ಟು, ಅವೆಲ್ಲ ಕೆಂಪು. ಈಗ?

ಉಡುಪಿ_ಯೀಸ್ಟ್:
ಪ್ಲಾಸ್ಮಿಡ್ ಹೋಗಿದೆ, ಜೀನ್ ಸರಿ ಇದೆ. ಹೊಸ ಕೆಂಪು ಕಾಲೊನಿಯಿಂದ ಶುರು ಮಾಡಿ. ಸ್ಟಾರ್ಟರ್ (ಫ್ಲಾಸ್ಕ್‌ಗೆ ಹಾಕುವ ಮೊದಲ ಸಣ್ಣ ಕಲ್ಚರ್) ರಾತ್ರಿಯಿಡೀ ಬೇಡ, ಸ್ವಲ್ಪ ಮಬ್ಬಾದ ಕೂಡಲೇ ಸ್ಪಿನ್ ಮಾಡಿ, ಬೀಟಾ-ಲ್ಯಾಕ್ಟಮೇಸ್ ಸೇರಿಕೊಂಡ ಹಳೆ ಮೀಡಿಯಾ ಚೆಲ್ಲಿ, ಹೊಸದರಲ್ಲಿ ಕಲಸಿ ಹಾಕಿ. ಆ್ಯಂಪಿಸಿಲಿನ್ ಬದಲು ಕಾರ್ಬೆನಿಸಿಲಿನ್ ಆದರೆ ಹೆಚ್ಚು ಹೊತ್ತು ತಾಳುತ್ತದೆ, ದುಬಾರಿ ಅಷ್ಟೇ. ಸಮಯ ಇದ್ದರೆ ಜೀನ್‌ಗಳನ್ನು ಕ್ಲೋರಾಂಫೆನಿಕಾಲ್ ಮಾರ್ಕರ್ ಇರುವ ಪ್ಲಾಸ್ಮಿಡ್‌ಗೆ ದಾಟಿಸಿ, ನಾನಾದರೆ ಅದನ್ನೇ ಮಾಡುತ್ತಿದ್ದೆ. ಶೇಕರನ್ನು ಎಸಿ ರೂಮಿಗೆ ಸಾಗಿಸಿ. ಅಸಿಟೋನ್‌ನಲ್ಲಿ ಬಣ್ಣ ತೆಗೆದು 474 ನ್ಯಾನೋಮೀಟರ್‌ನಲ್ಲಿ ಓದುವಾಗ ಟ್ಯೂಬ್‌ಗೆ ಫಾಯಿಲ್ ಸುತ್ತಿ, ಬೆಳಕಿಗೆ ಲೈಕೋಪೀನ್ ಬೇಗ ಕೆಡುತ್ತದೆ.