ಪದ ಬೇಕು: ಫೋರ್ಸ್ಡ್ ಲ್ಯಾಂಡಿಂಗ್, ಇಂದು ಸಂಜೆಯೊಳಗೆ

ಹುಬ್ಬಳ್ಳಿಯಿಂದ:
ನಮಸ್ಕಾರ. ಮಕ್ಕಳ ವಿಜ್ಞಾನ ಮೇಳಕ್ಕೆ ಸಣ್ಣ ವಿಮಾನಗಳ ಬಗ್ಗೆ ಫಲಕ ಬರೆಯುತ್ತಿದ್ದೇನೆ, ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಎಂಜಿನ್ ನಿಂತು, ಬೇರೆ ದಾರಿಯಿಲ್ಲದೆ ಹೊಲದಲ್ಲೋ ರಸ್ತೆಯಲ್ಲೋ ಇಳಿಸುವುದು ಫೋರ್ಸ್ಡ್ ಲ್ಯಾಂಡಿಂಗ್. ಎಂಜಿನ್ ಓಡುತ್ತಿರುವಾಗಲೇ, ಇಂಧನ ಸಾಲದೆಂದು ಮೊದಲೇ ಇಳಿಸಿಬಿಡುವುದು ಪ್ರಿಕಾಷನರಿ ಲ್ಯಾಂಡಿಂಗ್. ಪತ್ರಿಕೆಯ ‘ತುರ್ತು ಭೂಸ್ಪರ್ಶ’ದಲ್ಲಿ ಎರಡೂ ಒಂದಾಗಿಬಿಡುತ್ತವೆ. ಹಾಗೆಯೇ ಫ್ಯುಯಲ್ ಎಕ್ಸಾಸ್ಚನ್ (ಇಂಧನವೆಲ್ಲ ಮುಗಿಯುವುದು), ಫ್ಯುಯಲ್ ಸ್ಟಾರ್ವೇಷನ್ (ಇಂಧನವಿದ್ದೂ ಎಂಜಿನ್ನಿಗೆ ತಲುಪದಿರುವುದು) ಇವಕ್ಕೆ ಏನನ್ನಲಿ? ಎರಡಕ್ಕೂ ‘ಇಂಧನ ಕೊರತೆ’ ಎಂದು ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ.

ಧಾರವಾಡದಿಂದ:
‘ಭೂಸ್ಪರ್ಶ’ ಬೇಡವೇ ಬೇಡ. 2009ರ ಜನವರಿಯಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಏರ್‌ಬಸ್ ಇಳಿಸಿದರಲ್ಲ, ಅಲ್ಲಿ ಸ್ಪರ್ಶಿಸಿದ ಭೂಮಿ ಯಾವುದು? ನಮ್ಮಲ್ಲಿ ‘ಇಳಿ’ ಧಾತು ಇದೆ. ‘ಇಳಿಕೆ’ಯನ್ನು ಪೇಟೆಯ ಧಾರಣೆ ಹಿಡಿದುಕೊಂಡಿದೆ, ‘ಇಳಿತ’ ಇನ್ನೂ ಬಿಡುವಾಗಿದೆ. ಒತ್ತಾಯದಿಳಿತ, ಮುನ್ನೆಚ್ಚರಿಕೆಯ ಇಳಿತ. ‘ಇಂಧನ’ವೂ ಬೇಡ. ಸಂಸ್ಕೃತದಲ್ಲಿ ಅದು ಮೂಲತಃ ಸೌದೆಯೇ. ಅದೇ ಅರ್ಥದ ‘ಉರುವಲು’ ಕನ್ನಡದಲ್ಲೇ ಇರುವಾಗ ಎರವಲೇಕೆ?

ಗದಗಿನಿಂದ:
ಉರುವಲು ಅಂದ್ರ ನಮ್ಮ ಕಡೆ ಒಲಿ ಮುಂದಿನ ಕಟ್ಟಿಗಿ, ಕುಳ್ಳು. ವಿಮಾನಕ್ಕೆ ಹೊಂದುವುದಿಲ್ಲ. ‘ಒತ್ತಾಯ’ವೂ ತಪ್ಪು, ಯಾರೋ ಬಂದೂಕು ತೋರಿಸಿ ಇಳಿಸಿದಂತೆ ಕೇಳುತ್ತದೆ. ‘ಅನಿವಾರ್ಯ ಇಳಿತ’ ಎನ್ನಿ.

‘ಇಂಧನ ಕೊರತೆ’ಯನ್ನು ಮಾತ್ರ ದಯವಿಟ್ಟು ಹೊಡೆದುಹಾಕಿ. ಪೈಪರ್ ಚೆರೊಕೀ ವಿಮಾನಕ್ಕೆ ರೆಕ್ಕೆಗೊಂದರಂತೆ ಎರಡು ಟಾಕಿ. ಪೈಲಟ್ ಕೈಯಲ್ಲಿರುವ ತಿರುಗಣಿಗೆ ಎಡ, ಬಲ, ಬಂದ್ ಇಷ್ಟೇ. ಸೆಸ್ನಾ 172 ವಿಮಾನದ ತಿರುಗಣಿಯಲ್ಲಿರುವ ‘ಎರಡೂ’ ಎಂಬ ಗುರುತು ಅಲ್ಲಿಲ್ಲ. ಗಡಿಯಾರ ನೋಡಿ ತಿರುಗಿಸುವುದನ್ನು ಮರೆತರೆ ಎಡದ ಟಾಕಿ ಬತ್ತಿ ಎಂಜಿನ್ ನಿಲ್ಲುತ್ತದೆ, ಬಲದ್ದು ತುಂಬಿಯೇ ಇರುತ್ತದೆ. ಅದು ಕೊರತೆಯೇ? ಅದಕ್ಕೆ ‘ಇಂಧನ ತಡೆ’, ಇನ್ನೊಂದಕ್ಕೆ ‘ಇಂಧನ ಖಾಲಿ’ ಸಾಕು. ಖಾಲಿಯಾಗುವುದಕ್ಕೆ ಲೆಕ್ಕ ತಪ್ಪುವುದೇ ಹೆಚ್ಚಿನ ಕಾರಣ: ಎದುರುಗಾಳಿ ಹಿಡಿಯದೆ ಹೊತ್ತು ಎಣಿಸುವುದು, ಟಾಕಿಗೆ ಅಳತೆಗೋಲು ಇಳಿಸದೆ ಮಾಪಕದ ಮುಳ್ಳನ್ನೇ ನಂಬುವುದು. ಅಮೆರಿಕದ ನಿಯಮದಲ್ಲಿ ಕಣ್ಣಳತೆಯ (ಹೊರಗೆ ನೋಡಿಕೊಂಡೇ ನಡೆಸುವ) ಹಾರಾಟಕ್ಕೆ ಹಗಲು 30 ನಿಮಿಷ, ರಾತ್ರಿ 45 ನಿಮಿಷದ ಇಂಧನ ಮೀಸಲಿರಬೇಕು. ‘ಮೀಸಲು’ ಎಂದೇ ಬರೆಯಿರಿ, ‘ಹೆಚ್ಚುವರಿ’ ಅಲ್ಲ. ಹೆಚ್ಚುವರಿ ಎಂದರೆ ಖರ್ಚು ಮಾಡಬಹುದು ಎಂದಾಗುತ್ತದೆ.

ಗ್ಯಾಲನ್ ಬಂದಲ್ಲಿ ಯಾವ ಗ್ಯಾಲನ್ ಎಂದು ನೋಡಿಕೊಳ್ಳಿ. ಅಮೆರಿಕದ್ದು 3.785 ಲೀಟರ್, ಬ್ರಿಟಿಷರದು 4.546. 1983ರಲ್ಲಿ ಕೆನಡಾದಲ್ಲಿ ಪೌಂಡು, ಕಿಲೋ ಅದಲುಬದಲಾಗಿ ಒಂದು ಬೋಯಿಂಗ್ 767 ನಡುದಾರಿಯಲ್ಲೇ ಬರಿದಾಗಿ, ತೇಲಿಕೊಂಡು ಬಂದು ಗಿಮ್ಲಿಯಲ್ಲಿ ಇಳಿಯಿತು.

ಧಾರವಾಡದಿಂದ:
‘ಅನಿವಾರ್ಯ ಇಳಿತ’ ಅರಿಸಮಾಸ. ‘ಖಾಲಿ’ ಅರಬ್ಬಿಯದು. ಬರಿದು, ಬತ್ತು ಎಂಬ ಎರಡು ಮಾತನ್ನು ನೀವೇ ಮೇಲೆ ಬಳಸಿದ್ದೀರಿ, ಫಲಕಕ್ಕೆ ಮಾತ್ರ ಅವು ಬೇಡವಾದವೇ?

ಹಾವೇರಿಯಿಂದ:
ಬಿಡಿಬಿಡಿಯಾಗಿ ನಿಂತ ವಿಶೇಷಣ ಸಮಾಸವೇ ಅಲ್ಲ, ಅರಿಸಮಾಸ ಎಲ್ಲಿಂದ ಬರಬೇಕು? ‘ಖಾಲಿ’ ಕನ್ನಡಕ್ಕೆ ಬಂದು ತಲೆಮಾರುಗಳಾದವು. ಕೊಡ ಖಾಲಿ, ಕಣಜ ಖಾಲಿ ಅಂತ ದಿನಾ ಅನ್ನುವವರ ಮಕ್ಕಳೇ ಈ ಫಲಕ ಓದುವುದು. ಪರಭಾಷೆಯದೆಂದು ಅದನ್ನು ಹೊರಗೆ ಹಾಕಿದರೆ ಅರ್ಜಿ, ಜಮೀನು, ವಕೀಲ ಎಲ್ಲವನ್ನೂ ಹಾಕಬೇಕಾಗುತ್ತದೆ.

ಫಲಕಕ್ಕೆ ಒಂದು ಸಾಲು ಕೊಡುತ್ತೇನೆ: ‘ಉತ್ತ ಹೊಲದಲ್ಲಿ ಇಳಿಸುವುದಾದರೆ ಸಾಲಿನಗುಂಟ ಇಳಿಸಬೇಕು, ಅಡ್ಡ ಇಳಿಸಬಾರದು.’ ಅಡ್ಡ ಇಳಿಸಿದರೆ ಮುಂದಿನ ಗಾಲಿ ಸಾಲಿಗೆ ಸಿಕ್ಕಿ ವಿಮಾನ ಮಗುಚಬಹುದು. ಮಳೆ ಕುಡಿದ ಎರಿ ಹೊಲವಾದರೆ ಗಾಲಿ ಹೂತೇಹೋಗುತ್ತದೆ. ‘ಸಮಾನಾಂತರವಾಗಿ’ ಎಂದು ಮಾತ್ರ ತಿದ್ದಬೇಡಿ.

ಹುಬ್ಬಳ್ಳಿಯಿಂದ:
ಎಲ್ಲರಿಗೂ ಧನ್ಯವಾದ. ಅನಿವಾರ್ಯ ಇಳಿತ, ಮುನ್ನೆಚ್ಚರಿಕೆಯ ಇಳಿತ, ಇಂಧನ ಖಾಲಿ, ಇಂಧನ ತಡೆ. ‘ಸಾಲಿನಗುಂಟ’ ಹಾಗೆಯೇ ಇಟ್ಟಿದ್ದೇನೆ. ಈಗ ಕಳಿಸುತ್ತಿದ್ದೇನೆ.

ಧಾರವಾಡದಿಂದ:
‘ಇಳಿತ’ ಉಳಿಸಿದಿರಿ, ಸಂತೋಷ. ‘ಖಾಲಿ’ಯನ್ನು ನಾನು ಒಪ್ಪಿಲ್ಲ.